ಕೆನಡಾದಿಂದ ತಂಗಿ ಕೇಳಿದ ಮಾತು

ಆಗ ನನಗೆ ಎಪ್ಪತ್ತೆರಡು ವರ್ಷ. ಇದು ಮೂರು ವರ್ಷದ ಹಿಂದಿನ ಮಾತು. ಜರ್ಮನಿಯ ಕಲೋನ್‌ನಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದೆ. ಈಗಲೂ ಅಲ್ಲೇ ಇದ್ದೇನೆ.

ನನ್ನ ಗಂಡ ಗಾಜು ಊದುವ ಕೆಲಸದವರು. ಬೆಂಗಳೂರಿನಲ್ಲಿ ಒಬ್ಬ ಪ್ರೊಫೆಸರ ಕೈಕೆಳಗೆ ಪ್ರಯೋಗಶಾಲೆಗೆ ಬೇಕಾದ ಗಾಜಿನ ನಳಿಗೆಗಳನ್ನು ಮಾಡಿಕೊಡುತ್ತಿದ್ದರು. ಆ ಪ್ರೊಫೆಸರು ಇಲ್ಲಿನ ಯೂನಿವರ್ಸಿಟಿಗೆ ಬಂದಾಗ ಇವರನ್ನೂ ಕರೆಸಿಕೊಂಡರು. ಅವರ ಹಿಂದೆ ನಾನು ಬಂದೆ. ನಲವತ್ತು ವರ್ಷ ಆಗಿಹೋಯಿತು. ಪ್ರೊಫೆಸರು ಹೋದರು, ಇವರೂ ಹೋದರು. ಮಗ ಫ್ರಾಂಕ್‌ಫರ್ಟ್‌ನಲ್ಲಿದ್ದಾನೆ, ತಿಂಗಳಿಗೊಂದು ಸಲ ಬಂದು ಹೋಗುತ್ತಾನೆ. ಮೊಮ್ಮಕ್ಕಳು ಬಂದರೂ ಅವರ ಮಾತು ಜರ್ಮನ್. ನಾನು ಏನಾದರೂ ಕೇಳಿದರೆ ಅಪ್ಪನ ಮುಖ ನೋಡುತ್ತಾರೆ.

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಜರ್ಮನ್ ಅಂಗಡಿಗೆ ಬೇಕಾದಷ್ಟು ಬರುತ್ತದೆ. ಗಂಡ ಹೋದ ಮೇಲೆ ಅದೂ ಅಷ್ಟೇನೂ ಬೇಕಾಗಲಿಲ್ಲ. ಸಾಮಾನು ಎತ್ತಿ ಗಲ್ಲಾದ ಬೆಲ್ಟಿನ ಮೇಲೆ ಇಟ್ಟರೆ ಯಾರೂ ಮಾತಾಡಿಸುವುದಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು, ಹಲೋ ಮತ್ತು ಹೊರಡುವಾಗ ಚ್ಯೂಸ್. ಗಂಟಲು ಇನ್ನೂ ಇದೆಯೋ ಇಲ್ಲವೋ ನೋಡಲು ಒಮ್ಮೊಮ್ಮೆ ಸಾಸಿವೆ ಡಬ್ಬಿಯನ್ನು ಬೈಯುತ್ತಿದ್ದೆ.

ನನ್ನ ಒಡಹುಟ್ಟಿದವರೆಲ್ಲ ಕೆನಡಾದಲ್ಲಿ. ಮೊದಲು ಹೋದವಳು ತಂಗಿ. ಅವಳ ಗಂಡ ಲೇತ್ ಯಂತ್ರದ ಕೆಲಸಗಾರ, ವಿನ್ನಿಪೆಗ್‌ನಲ್ಲಿ ಕಾರ್ಖಾನೆ ಸೇರಿದ. ಅವಳು ತಮ್ಮನನ್ನು ಎಳೆದುಕೊಂಡಳು, ಅವನು ಟೊರೊಂಟೊ ಪಕ್ಕದಲ್ಲಿ ನಿಂತ. ತಂಗಿಯ ಮಗಳು ಮದುವೆಯಾಗಿ ಕ್ಯಾಲ್ಗರಿಗೆ ಹೋದಳು. ಒಂದೇ ದೇಶವಾದರೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ವಿಮಾನದಲ್ಲೇ ಹೋಗಬೇಕಂತೆ. ಹಾಗಾಗಿ ಎಲ್ಲರೂ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದರು. ಒಂದು ಭಾನುವಾರ ಮಗ ನನ್ನನ್ನೂ ಅದರೊಳಗೆ ಸೇರಿಸಿದ.

"ಅಮ್ಮ, ಮಾಮ, ಚಿಕ್ಕಮ್ಮ, ಎಲ್ಲಾ ಇದಾರೆ ಇಲ್ಲಿ. ನಿಂಗೆ ಓದೋದು ಕಷ್ಟ ಅಂತ ಹೇಳಿದೀನಿ, ವಾಯ್ಸಲ್ಲೇ ಹಾಕ್ತಾರೆ. ಈ ತ್ರಿಕೋನ ಒತ್ತು, ಮಾತು ಬರುತ್ತೆ. ನೀನೂ ಮಾತಾಡು."

"ಅಷ್ಟೇನಾ?"

"ಅಷ್ಟೇ."

ಮೈಕಿನ ವಿಷಯವನ್ನೂ ಹೇಳಿದನೋ ಏನೋ. ನನ್ನ ಗಮನ ಒಲೆಯ ಮೇಲಿನ ಹಾಲಿನ ಕಡೆ ಇತ್ತು. ಅವನ ಗಮನ ರೈಲಿನ ಕಡೆ.

ಮಾರನೆಯ ದಿನದಿಂದ ಬೆಳಗಿನ ಕಾಫಿ ಹಿಡಿದು ಕೂತು ತ್ರಿಕೋನ ಒತ್ತತೊಡಗಿದೆ. ತಮ್ಮನ ಹಿತ್ತಿಲಲ್ಲಿ ಹೀರೆಬಳ್ಳಿಗೆ ಎರಡೇ ಕಾಯಿ ಬಿಟ್ಟಿತ್ತು. ಅದರಲ್ಲಿ ಒಂದನ್ನು ಅಳಿಲು ತಿಂದಿತ್ತು. ಕ್ಯಾಲ್ಗರಿಯಲ್ಲಿ ಆಲಿಕಲ್ಲು ಬಿದ್ದು ತಂಗಿಯ ಮಗಳ ಕಾರಿನ ಗಾಜು ಒಡೆದಿತ್ತು. ವಿನ್ನಿಪೆಗ್‌ನಲ್ಲಿ ತಂಗಿ ಬಸ್ಸಿಗೆ ಕಾಯುವಾಗ ಕಣ್ಣರೆಪ್ಪೆ ಒಂದಕ್ಕೊಂದು ಅಂಟಿಕೊಂಡಿತ್ತಂತೆ. ಹೀಗೆ ದಿನದ ಸುದ್ದಿ. ಸುದ್ದಿ ಮುಗಿದರೆ ಹಳೆಯದು ತೆಗೆಯುತ್ತಿದ್ದರು. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲೇ ನಾವು ಬೆಳೆದದ್ದು. ಉಗಿಬಂಡಿಯ ಡ್ರೈವರು ಎಂಜಿನ್ನಿನಿಂದ ಬಕೆಟ್ಟಿಗೆ ಬಿಸಿನೀರು ಬಿಟ್ಟುಕೊಡುತ್ತಿದ್ದ. ಆ ನೀರಿನಲ್ಲೇ ನಮಗೆ ವಾರದ ಸ್ನಾನ. ತಮ್ಮ ಅದನ್ನು ಹೇಳುತ್ತಾ, ಬಕೆಟ್ ಹೊತ್ತು ತರುತ್ತಿದ್ದವನು ತಾನೇ ಎಂದ.

"ಸುಳ್ಳು ಕಣೋ" ಅಂದೆ ನಾನು. "ನೀನಾಗ ಚಡ್ಡೀನೂ ಹಾಕ್ತಿರಲಿಲ್ಲ. ಹೊತ್ತವಳು ನಾನು."

ಅವನು ನಿಲ್ಲಿಸಲಿಲ್ಲ, ಹೇಳುತ್ತಲೇ ಹೋದ. ಅದು ನನಗೆ ವಿಚಿತ್ರ ಅನ್ನಿಸಲಿಲ್ಲ. ಹಳಿಯ ಪಕ್ಕದ ಮನೆಯವರು ಹಾಗೇ ಮಾತಾಡುವುದು. ಗಾಡಿ ಬಂದರೆ ಬಾಯಿ ಮುಚ್ಚಿ ಕೂರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಗಾಡಿಯ ಮೇಲೆ ಕೂಗುತ್ತಿದ್ದೆವು. ಒಬ್ಬರು ಹೇಳುವಾಗಲೇ ಇನ್ನೊಬ್ಬರು ಹೇಳುವುದು, ಯಾರಿಗೆ ಎಷ್ಟು ಕೇಳಿಸಿತು ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಅವ್ವ ಸಾರಿಗೆ ಉಪ್ಪು ಹಾಕು ಅಂದರೆ ಮೂವರೂ ಹಾಕುತ್ತಿದ್ದೆವು, ಇಲ್ಲವೆ ಯಾರೂ ಹಾಕುತ್ತಿರಲಿಲ್ಲ. ಹಾಗಾಗಿ ಫೋನಿನಲ್ಲಿ ಅವರು ಹೇಳುವಾಗ ನಾನೂ ಹೇಳುತ್ತಿದ್ದೆ. ಅವರು ಉತ್ತರ ಕೊಡದಿದ್ದರೆ, ಇವರ ಬುದ್ಧಿ ಕೆನಡಾಕ್ಕೆ ಹೋದರೂ ಬದಲಾಗಲಿಲ್ಲ ಅಂದುಕೊಳ್ಳುತ್ತಿದ್ದೆ.

ಒಮ್ಮೆ ತಮ್ಮನಿಗೆ ಕೆಮ್ಮು ಹಿಡಿದಿತ್ತು. "ಜೀರಿಗೆ ಮೆಣಸು ಕುಟ್ಟಿ ಕಷಾಯ ಮಾಡ್ಕೊಂಡು ಕುಡಿ, ಮಾತ್ರೆ ನುಂಗ್ಬೇಡ" ಅಂದೆ. ಮುಂದಿನ ವಾರ ಅವನೇ ಹೇಳಿದ, ಜೀರಿಗೆ ಕಷಾಯ ಕುಡಿದೆ, ವಾಸಿ ಆಯಿತು ಎಂದು. ಅಲ್ಲಿಗೆ ನನ್ನ ಮಾತು ಮುಟ್ಟುತ್ತಿದೆ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಆ ಬೆಳಗಿನ ಅರ್ಧ ಗಂಟೆ ಬಿಟ್ಟರೆ ದಿನ ಪೂರ್ತಿ ಖಾಲಿ. ಆದರೂ ಅರ್ಧ ಗಂಟೆ ಇತ್ತು. ಬಾಯಿ ತುಂಬ ಬೈಯಬಹುದಿತ್ತು.

ತಂಗಿಯ ಹತ್ತಿರ ಮಾತ್ರ ನಾನು ಅಳತೆಯಲ್ಲಿ ಮಾತಾಡುತ್ತಿದ್ದೆ. ಅವಳ ಸುದ್ದಿಗೆ ಹೂಂ ಅನ್ನುತ್ತಿದ್ದೆ, ಅಷ್ಟೆ. ನಮ್ಮಿಬ್ಬರ ನಡುವೆ ಹನ್ನೊಂದು ವರ್ಷದಿಂದ ಒಂದು ಬಿರುಕು ಇತ್ತು.

ಅವ್ವ ಹಾಸಿಗೆ ಹಿಡಿದಾಗ ಊರಿನಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಳು. ಚಿಕ್ಕಮ್ಮನಿಗೂ ವಯಸ್ಸಾಗಿತ್ತು. ನಾನು ಗಂಡನನ್ನು ಇಲ್ಲಿ ಬ್ರೆಡ್ಡು ತಿಂದುಕೊಂಡಿರಿ ಎಂದು ಬಿಟ್ಟು ಹೋದೆ. ನಾಲ್ಕು ತಿಂಗಳು ಅವ್ವನ ಹೇಲು ಉಚ್ಚೆ ಬಾಚಿದೆ. ತಮ್ಮ ಬಂದು ಹತ್ತು ದಿನ ಇದ್ದು ಹೋದ. ತಂಗಿ ಬರಲಿಲ್ಲ. ಅವಳ ಗಂಡನ ಎರಡು ಬೆರಳು ಅದೇ ತಿಂಗಳು ಯಂತ್ರಕ್ಕೆ ಸಿಕ್ಕಿ ಹೋಗಿದ್ದವು, ಅವನನ್ನು ಬಿಟ್ಟು ಬರಲು ಆಗುವುದಿಲ್ಲ ಎಂದಳು.

"ಗಂಡನ ಬೆರಳು ದೊಡ್ಡದೋ, ಹೆತ್ತವಳು ದೊಡ್ಡವಳೋ?" ಎಂದು ಕೇಳಿ ನಾನು ಫೋನ್ ಇಟ್ಟೆ. ಅವ್ವ ಸತ್ತ ಸುದ್ದಿಯನ್ನೂ ತಮ್ಮನ ಕೈಲಿ ಹೇಳಿಸಿದೆ. ಆಮೇಲೆ ನಾವಿಬ್ಬರೂ ನೇರ ಫೋನಿನಲ್ಲಿ ಮಾತಾಡಲೇ ಇಲ್ಲ.

ಪಿತೃಪಕ್ಷ ಬಂತು. ತಂಗಿ ವಿನ್ನಿಪೆಗ್‌ನಲ್ಲಿ ಅವ್ವನಿಗೆ ಎಡೆ ಇಟ್ಟಿದ್ದಳು. ಮುದ್ದೆ, ಹುರುಳಿಕಾಳಿನ ಬಸ್ಸಾರು, ದೊಡ್ಡ ಲೋಟದಲ್ಲಿ ಕಾಫಿ. ವೀಳ್ಯದೆಲೆ ಬಾಡಿತ್ತು, ಆದರೂ ಇಟ್ಟೆ ಎಂದಳು. ಹಿಂದೆ ನಲ್ಲಿಯ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಿದಳು.

"ಅಕ್ಕ, ಎಲ್ಲರ ಮುಂದೇನೇ ಕೇಳ್ತಿದೀನಿ. ಕೊನೇಲಿ ಅವ್ವ ನನ್ನ ಕೇಳಿದ್ಲಾ? ಇದ್ದದ್ದು ಇದ್ದಂಗೆ ಹೇಳು. ನೀನು ಸುಳ್ಳು ಹೇಳೋಳಲ್ಲ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಇಲ್ಲ" ಅಂದೆ. "ಕೇಳ್ಲಿಲ್ಲ. ನಾಲ್ಕು ತಿಂಗಳಲ್ಲಿ ನಿನ್ನ ಸುದ್ದೀನೇ ಬರ್ಲಿಲ್ಲ ಅವಳ ಬಾಯಲ್ಲಿ. ಮಾಡಿದವಳು ನಾನು."

ಅದು ಸುಳ್ಳು. ಹೇಳುವಾಗಲೇ ನನಗೆ ಗೊತ್ತಿತ್ತು. ನೇರ ಮಾತಿನವಳು ಎಂದು ನನಗೆ ಹೆಸರು, ನನ್ನ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಹಾಗಾಗಿ ಸುಳ್ಳು ಹೇಳಿದರೂ ನಡೆಯುತ್ತದೆ.

ಆ ದಿನದಿಂದ ತಂಗಿ ಗ್ರೂಪಿನಲ್ಲಿ ಮಾತು ನಿಲ್ಲಿಸಿದಳು. ತಮ್ಮ ಹಿಮ ಗುಡಿಸಿದ್ದು, ಸೊಂಟ ಹಿಡಿದದ್ದು ಎಲ್ಲ ಹೇಳುತ್ತಿದ್ದ. ಮಗಳು ಕ್ಯಾಲ್ಗರಿಯಿಂದ ಅವಳ ಆಫೀಸಿನ ಕಥೆ ಹೇಳುತ್ತಿದ್ದಳು. ವಿನ್ನಿಪೆಗ್ ಮಾತ್ರ ಸುಮ್ಮನೆ. ಮೊದಲ ವಾರ ನಾನು, ನಾಟಿತು ಬಿಡು, ನಾಟಬೇಕಾದ್ದೇ ಅಂದುಕೊಂಡೆ. ನವೆಂಬರ್ ಬಂದು ನಾಲ್ಕೂವರೆಗೆಲ್ಲ ಕತ್ತಲಾಗತೊಡಗಿದಾಗ ಹಾಗೆ ಅಂದುಕೊಳ್ಳುವುದು ಕಷ್ಟವಾಯಿತು. ಬೆಳಿಗ್ಗೆ ತ್ರಿಕೋನಗಳನ್ನು ಲೆಕ್ಕ ಹಾಕುತ್ತಿದ್ದೆ, ಅವಳದು ಇರುತ್ತಿರಲಿಲ್ಲ. ಹಳೆಯವನ್ನೇ ಒತ್ತಿ, ಕಣ್ಣರೆಪ್ಪೆ ಅಂಟಿಕೊಂಡ ಕಥೆಯನ್ನು ಮತ್ತೆ ಕೇಳುತ್ತಿದ್ದೆ. ಕೆಳಗಿನ ಮನೆಯ ಮುದುಕಿ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವಾಗ ಸಿಕ್ಕರೆ "ಕಾಲ್ಟ್" ಅನ್ನುತ್ತಿದ್ದಳು. ಚಳಿ ಎಂದರ್ಥ. ನಾನೂ "ಕಾಲ್ಟ್" ಅನ್ನುತ್ತಿದ್ದೆ. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು.

ತಂಗಿಗೆ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು ಅನ್ನಬಹುದಿತ್ತು. ಅನ್ನಲಿಲ್ಲ. ಎಪ್ಪತ್ತೆರಡು ವರ್ಷ ಯಾರ ಹತ್ತಿರವೂ ತಪ್ಪಾಯಿತು ಎಂದು ಹೇಳಿದ ನೆನಪಿಲ್ಲ.

ಫೆಬ್ರುವರಿಯಲ್ಲಿ ಇಲ್ಲಿ ಊರೆಲ್ಲ ವೇಷ ಹಾಕಿಕೊಂಡು ಕುಣಿಯುವ ವಾರ. ಆ ಸೋಮವಾರ ಸಂಜೆ ನಾಲ್ಕು ಗಂಟೆ ಇರಬೇಕು. ಬೀದಿಯಲ್ಲಿ ಡೋಲು, ಕುಡಿದವರ ಹಾಡು. ಫೋನ್ ಹೊಡೆದುಕೊಂಡಿತು. ಕಿಟಕಿ ಮುಚ್ಚಿ ಎತ್ತಿದೆ. ಕ್ಯಾಲ್ಗರಿಯಿಂದ ತಂಗಿಯ ಮಗಳು.

"ದೊಡ್ಡಮ್ಮ, ನಾನು."

"ಯಾರು ಸತ್ರು?"

"ಅಯ್ಯೋ, ಯಾರೂ ಸತ್ತಿಲ್ಲ. ಫೋನ್ ಮಾಡಿದ್ರೆ ಸತ್ತೇ ಹೋಗಿರ್ಬೇಕಾ?"

"ಇಷ್ಟು ವರ್ಷದಲ್ಲಿ ಬೇರೆ ಯಾವುದಕ್ಕೆ ಮಾಡಿದೀಯಾ?"

ಅವಳು ನಗಲಿಲ್ಲ. "ಅಮ್ಮನ ವಿಷಯ ಮಾತಾಡ್ಬೇಕು. ನಾಲ್ಕು ತಿಂಗಳಾಯ್ತು ದೊಡ್ಡಮ್ಮ. ಯಾಕೆ ಹಿಂಗೆ ಮಾಡ್ತಿದೀರಾ?"

"ನಾನೇನು ಮಾಡ್ದೆ? ಕೋಪ ಮಾಡ್ಕೊಂಡಿರೋಳು ಅವಳು."

"ಕೋಪ ಇಲ್ಲ. ಕಾಯ್ತಾ ಇದಾಳೆ. ಅಕ್ಕ ಹೇಳೋವರ್ಗೂ ನಾನು ಬಾಯಿ ಬಿಡಲ್ಲ ಅಂತಾಳೆ. ಬಾತ್‌ರೂಮಿಗೆ ಹೋದ್ರೂ ಫೋನ್ ಹಿಡ್ಕೊಂಡು ಹೋಗ್ತಾಳೆ. ಇಲ್ಲ ಅಂತಾದ್ರೂ ಹೇಳ್ಬಿಡಿ, ಅಷ್ಟೇ."

"ಹೇಳಾಯ್ತಲ್ಲೇ."

"ಯಾವಾಗ?"

"ಅವತ್ತೇ. ಅವಳು ಕೇಳಿದ ತಕ್ಷಣ."

"ಯಾರಿಗೆ ಹೇಳಿದ್ರಿ?"

"ಯಾರಿಗೆ ಅಂದ್ರೆ? ಅವಳಿಗೆ. ಫೋನಿಗೆ."

ಅವಳು ತುಂಬ ನಿಧಾನವಾಗಿ, ಚಿಕ್ಕ ಮಗುವನ್ನು ಕೇಳುವ ಹಾಗೆ ಕೇಳಿದಳು. "ದೊಡ್ಡಮ್ಮ, ಕೆಳಗಡೆ ಒಂದು ಮೈಕ್ ಗುರುತಿದೆ. ಅದನ್ನ ಒತ್ತಿ ಹಿಡ್ಕೊಂಡು ಮಾತಾಡಿದ್ರಾ?"

"ಯಾವ ಮೈಕು?"

"ಓ ದೇವ್ರೇ" ಎಂದು ನಗತೊಡಗಿದಳು. ನಗುತ್ತಾ ನಗುತ್ತಾ ಥಟ್ಟನೆ ನಿಲ್ಲಿಸಿದಳು. "ಹಂಗಾದ್ರೆ ಶುರುವಿನಿಂದ ಒಂದು ಸಲಾನೂ ಒತ್ತಿಲ್ವಾ?"

"ನೀವು ಹೇಳ್ತಿದ್ರಿ. ನಾನೂ ಹೇಳ್ತಿದ್ದೆ."

"ನಮಗೆ ಯಾರಿಗೂ ಕೇಳಿಸಿಲ್ಲ ದೊಡ್ಡಮ್ಮ. ಒಂದೂವರೆ ವರ್ಷ ನಿಮ್ಮ ದನಿಯೇ ಕೇಳಿಲ್ಲ. ನೀವು ಕೇಳಿಸ್ಕೊಂಡಿದ್ದಕ್ಕೆ ನೀಲಿ ಗುರುತು ಬರ್ತಿತ್ತು, ಅದನ್ನ ನೋಡಿ ಸುಮ್ನಿರ್ತಿದ್ವಿ. ದೊಡ್ಡಮ್ಮ ಮೊದಲಿಂದ ಹಂಗೇ, ಗಂಟು ಮುಖ ಅಂತ..."

"ಹೇಳು, ಗಂಟು ಮುಖ ಅಂತ?"

"ಸಾರಿ."

"ಕಷಾಯ ಕುಡಿದ್ನಲ್ಲ ನಿಮ್ಮ ಮಾಮ?"

"ಯಾವ ಕಷಾಯ? ಅವರ ಅತ್ತೆ ಮಾಡ್ಕೊಟ್ಟಿದ್ದು ಅದು."

ಬೀದಿಯಲ್ಲಿ ಡೋಲಿನ ಗುಂಪು ನಮ್ಮ ಮನೆಯ ಕೆಳಗೇ ಬಂದಿತ್ತು. ಕಿಟಕಿಯ ಗಾಜು ಅದುರುತ್ತಿತ್ತು. ಒಂದೂವರೆ ವರ್ಷದ ಬೆಳಗುಗಳು ಕಣ್ಣ ಮುಂದೆ ಬಂದವು. ಬಕೆಟ್ ಹೊತ್ತವಳು ನಾನು ಎಂದು ಕೂಗಿದ್ದು, ಹೀರೆಬಳ್ಳಿಗೆ ಬೂದಿ ಹಾಕು ಎಂದದ್ದು, ಆಲಿಕಲ್ಲಿಗೆ ಅಯ್ಯೋ ಎಂದದ್ದು. ಎಲ್ಲ ಈ ಅಡುಗೆಮನೆಯ ಗೋಡೆ ಕೇಳಿದ್ದು. ಒಬ್ಬಳೇ ಇದ್ದೇನೆ ಎನ್ನುವುದು ನನಗೆ ಹೊಸದಲ್ಲ. ಆದರೆ ಬೆಳಗಿನ ಆ ಅರ್ಧ ಗಂಟೆಯೂ ಒಬ್ಬಳೇ ಇದ್ದೆ ಎನ್ನುವುದು ಅವತ್ತು ಗೊತ್ತಾಯಿತು. ಕುರ್ಚಿ ಎಳೆದುಕೊಂಡು ಕೂತೆ.

"ದೊಡ್ಡಮ್ಮ? ಇದೀರಾ?"

"ಇದೀನಿ."

"ಅಮ್ಮಂಗೆ ಅವತ್ತು ಏನು ಹೇಳಿದ್ರಿ?"

"ಅದು ಅವಳು ಕೇಳಿದ್ದು. ಅವಳಿಗೆ ಹೇಳ್ತೀನಿ. ಆ ಮೈಕು ಎಲ್ಲಿದೆ ಮೊದಲು ತೋರಿಸು."

ಅವಳು ಫೋನಿನಲ್ಲೇ ತಾಳ್ಮೆಯಿಂದ ಹೇಳಿಕೊಟ್ಟಳು. ಫೋನ್ ಇಟ್ಟು ನಾನೊಬ್ಬಳೇ ಒತ್ತಿ ನೋಡಿದೆ. "ಎಲ್ಲಿದೆಯೋ ಏನೋ ಹಾಳಾದ್ದು, ಇದೇನಾ" ಎಂದು ಗೊಣಗಿದ್ದು ಹಾಗೇ ಗ್ರೂಪಿಗೆ ಹೋಯಿತು. ಐದು ನಿಮಿಷಕ್ಕೆ ತಮ್ಮನ ಗಂಟಲು ಬಂತು. "ಅಕ್ಕ! ಬದುಕಿದೀಯಾ ನೀನು! ಮೊದಲ ಮಾತೇ ಬೈಗುಳ!" ಹಿಂದೆ ಅವನ ಹೆಂಡತಿ ನಗುತ್ತಿದ್ದಳು.

ನಾನು ನಗಲಿಲ್ಲ. ನನ್ನ ಸುಳ್ಳು ತಂಗಿಯನ್ನು ಮುಟ್ಟಿರಲಿಲ್ಲ. ಈಗ ಅದನ್ನೇ ಮತ್ತೆ ಹೇಳಬಹುದಿತ್ತು. ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ನಂಬುತ್ತಿದ್ದಳು, ಅತ್ತು ಸುಮ್ಮನಾಗುತ್ತಿದ್ದಳು. ಇಲ್ಲದಿದ್ದರೆ ಇದ್ದದ್ದನ್ನು ಹೇಳಬೇಕು. ಇದ್ದದ್ದು ನನ್ನ ಗಂಟಲಲ್ಲಿ ಹನ್ನೊಂದು ವರ್ಷದಿಂದ ಕೂತಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ.

ದೀಪ ಹಾಕಿ, ಮುಖ ತೊಳೆದುಕೊಂಡು ಬಂದೆ. ತಂಗಿಯೊಬ್ಬಳಿಗೇ ಹೇಳಬಹುದಿತ್ತು, ಅದಕ್ಕೂ ದಾರಿ ಇದೆ ಎಂದು ಮಗಳು ಹೇಳಿದ್ದಳು. ಆದರೆ ಅವಳು ಎಲ್ಲರ ಮುಂದೆ ಕೇಳಿದ್ದಳು. ಎಲ್ಲರ ಮುಂದೆಯೇ ಹೇಳಬೇಕು. ಹೆಬ್ಬೆರಳನ್ನು ಮೈಕಿನ ಮೇಲೆ ಒತ್ತಿ ಹಿಡಿದೆ. ಹೇಳಿದ್ದು ಇಷ್ಟು.

"ನೋಡು, ಕೇಳಿದ್ಲು. ಕೊನೇ ತಿಂಗಳು ಅವ್ವಂಗೆ ಮಂಪರು. ತಲೆ ಬಾಚುವಾಗ ನನ್ನ ಕೈ ತಳ್ಳೋಳು. ನಿನ್ನ ಕೈ ಒರಟು ಕಣೆ, ಚಿಕ್ಕೋಳು ಬಾಚ್ಲಿ, ಅವಳ ಕೈ ಹಗುರ, ಎಲ್ಲಿ ಹೋದ್ಲು ಕರಿ ಅನ್ನೋಳು. ದಿನಾ ಅನ್ನೋಳು. ಹೇಲು ಬಾಚೋಕೆ ಈ ಕೈ ಆಗುತ್ತೆ, ತಲೆ ಬಾಚೋಕೆ ಆಗಲ್ವಾ ಅಂತ ನನಗೆ ಹೊಟ್ಟೆ ಉರೀತು. ಎರಡು ದಿನ ಬಾಚಲೇ ಇಲ್ಲ. ಮೂರನೇ ದಿನ ಕೂದಲು ಗಂಟು ಕಟ್ಟಿತ್ತು. ಕೈಗೆ ಎಣ್ಣೆ ತಿಕ್ಕೊಂಡು ಹಿಂದಗಡೆ ಕೂತು, ಮಾತಾಡ್ದೆ ಮೆಲ್ಲಗೆ ಬಾಚ್ದೆ. ಬಂದ್ಯಾ ಅಂದ್ಲು. ಹೂಂ ಅಂದೆ. ನಿನ್ನ ಹಂಗೆ ಸಣ್ಣ ಗಂಟಲು ಮಾಡ್ಕೊಂಡು. ಆಮೇಲೆ ದಿನಾ ಹಂಗೇ ಮಾಡ್ದೆ. ಒಂಬತ್ತು ದಿನ. ಹೋಗೋವಾಗ ನೀನು ಬಂದಿದೀಯಾ ಅಂತಲೇ ತಿಳ್ಕೊಂಡು ಹೋದ್ಲು. ನಾನೂ ಅಲ್ಲಿದ್ದೆ ಅನ್ನೋದು ಆಗ ಅವಳಿಗೆ ಗೊತ್ತಿತ್ತೋ ಇಲ್ವೋ, ನನಗೆ ಗೊತ್ತಿಲ್ಲ. ಇಷ್ಟೇ. ಇದನ್ನ ಮುಚ್ಚಿಟ್ಟಿದ್ದು ನನ್ನ ತಪ್ಪು."

ಬೆರಳು ತೆಗೆದೆ. ಹೋಯಿತು. ಹೋದದ್ದನ್ನು ಒಂದು ಸಲ ಒತ್ತಿ ಕೇಳಿದೆ, ನಿಜವಾಗಿ ಹೋಗಿದೆಯೇ ನೋಡಲು. ನನ್ನ ಗಂಟಲು ಇಷ್ಟು ಮುದಿಯಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಫೋನನ್ನು ಚಮಚಗಳ ಡ್ರಾಯರಿನೊಳಗೆ ಹಾಕಿ ಮುಚ್ಚಿದೆ. ಮಧ್ಯಾಹ್ನದ ಅನ್ನ ಮಿಕ್ಕಿತ್ತು, ಮಜ್ಜಿಗೆ ಹಾಕಿಕೊಂಡು ತಿಂದು ಮಲಗಿದೆ.

ಮಾರನೆಯ ಬೆಳಿಗ್ಗೆ ಎದ್ದವಳು ಫೋನ್ ತೆಗೆಯಲಿಲ್ಲ. ಕುಣಿದವರು ಮೆಟ್ಟಿಲ ತುಂಬ ಬಣ್ಣದ ಕಾಗದದ ಚೂರು ಚೆಲ್ಲಿದ್ದರು. ಆ ವಾರ ಮೆಟ್ಟಿಲು ಗುಡಿಸುವ ಸರದಿ ನನ್ನದು. ಮೂರು ಮಹಡಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಬಂದು ಕಾಫಿ ಮಾಡಿಕೊಂಡೆ. ಆಮೇಲೆ ಡ್ರಾಯರ್ ಎಳೆದೆ. ತಮ್ಮನದು ಏನೂ ಇರಲಿಲ್ಲ, ಮಗಳದೂ ಇರಲಿಲ್ಲ. ತಂಗಿಯದು ಒಂದಿತ್ತು, ಬಹಳ ಸಣ್ಣದು. ಒತ್ತಿದೆ.

"ಕೇಳಿಸ್ಕೊಂಡೆ ಅಕ್ಕ."

ಅಷ್ಟೇ. ಮೂಗು ಎಳೆದ ಸದ್ದು, ಮುಗಿಯಿತು. ಕ್ಷಮಿಸಿದಳೋ, ಬೈಯುವುದಕ್ಕೆ ಮಾತು ಹುಡುಕುತ್ತಿದ್ದಳೋ ಅದರಿಂದ ತಿಳಿಯುವ ಹಾಗಿರಲಿಲ್ಲ. ನಾನು ಕೇಳಲೂ ಇಲ್ಲ. ಹೆಬ್ಬೆರಳು ಒತ್ತಿ ಹಿಡಿದು, ಮೆಟ್ಟಿಲು ಗುಡಿಸಿದೆ, ಕಾಗದದ ಚೂರು ಒಂದು ಬಕೆಟ್ ಆಯಿತು, ಹೊರಗೆ ಚಳಿ ಕಮ್ಮಿ, ಇವತ್ತು ಮೂಲಂಗಿ ಸಾರು ಮಾಡುತ್ತೇನೆ, ನಿನ್ನ ಮನೆಯಲ್ಲಿ ಏನು ಅಡುಗೆ ಎಂದು ಹೇಳಿ, ಬೆರಳು ತೆಗೆದು, ಮೂಲಂಗಿ ಹೆಚ್ಚಲು ಕೂತೆ.